ಬೈಬಲಿನ ನೀತಿಯನ್ನು ಕುರಿತ ವಾದ: ಕನ್ನಡನಾಡಿನಲ್ಲಿ ಅದರ ಇತಿಹಾಸ

ಬೈಬಲಿನಲ್ಲಿ ಹೇಳಲ್ಪಟ್ಟ ದೈವಾಜ್ಞೆಗಳೂ ಅದರಲ್ಲಿ ವರ್ಣಿತರಾದ ಪೂರ್ವಪುರುಷರ ನಡತೆಯೂ ಮನುಷ್ಯನ ನೀತಿಗೆ ಪ್ರಮಾಣವಾಗಬಲ್ಲವೇ, ಅಥವಾ ಆ ಗ್ರಂಥವನ್ನೇ ಮನುಷ್ಯನ ನೀತಿಪ್ರಜ್ಞೆಯ ಒರೆಗೆ ಹಚ್ಚಬೇಕೇ ಎಂಬ ಪ್ರಶ್ನೆಯನ್ನು ಹಿಡಿದು ಕ್ರೈಸ್ತರಿಗೂ ಅವರ ವಿಮರ್ಶಕರಿಗೂ ನಡೆದುಬಂದ ವಾದವು ಕನ್ನಡನಾಡಿನಲ್ಲಿ ತಳೆದ ರೂಪವನ್ನು ಇಲ್ಲಿ ನಿರೂಪಿಸಲಾಗಿದೆ. ಈ ವಿಷಯವನ್ನು ಮುಟ್ಟಿದ ಬರಹಗಳಲ್ಲಿ ಒಂದು ಗೊಂದಲವು ಮೇಲಿಂದ ಮೇಲೆ ಕಾಣಬರುತ್ತದೆ. ಬೈಬಲನ್ನು ಆಕ್ಷೇಪಿಸಿದವರೆಲ್ಲರನ್ನೂ, ಅವರು ಶೈವರಿರಲಿ, ಆರ್ಯಸಮಾಜದವರಿರಲಿ, ಬ್ರಾಹ್ಮಸಮಾಜದವರಿರಲಿ, ದೇವರನ್ನೇ ಒಪ್ಪದ ವಿಚಾರವಾದಿಗಳಿರಲಿ, ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸುವುದು ವಾಡಿಕೆಯಾಗಿದೆ. ಇದು ಸರಿಯಲ್ಲ. ಇನ್ನೊಂದು ಶಾಸ್ತ್ರವನ್ನು ನಂಬಿದವನು ಬೈಬಲಿನ ಒಂದು ಕಥೆಯನ್ನು ಅನೀತಿಯೆಂದು ಹಳಿದರೆ ಅದೇ ಅಳತೆಗೋಲು ನಾಳೆ ಅವನ ಶಾಸ್ತ್ರಕ್ಕೂ ತಾಗುವುದು. ಯಾವ ಶಾಸ್ತ್ರವನ್ನೂ ನಂಬದವನು ಕೇಳುವುದಾದರೋ ಶಾಸ್ತ್ರವೆಂಬುದು ನೀತಿಯ ಮೂಲವೇ ಹೌದೋ ಅಲ್ಲವೋ ಎಂಬ ಬೇರೆಯೇ ಪ್ರಶ್ನೆಯನ್ನು. ಕನ್ನಡನಾಡಿನಲ್ಲಿ ಮೊದಲನೆಯ ಬಗೆಯ ವಾದವು ಬಹುಕಾಲ ನಡೆಯಿತು. ಎರಡನೆಯದು ತಡವಾಗಿ ಬಂದಿತು, ಬಂದ ಮೇಲೂ ಅದರ ಲಕ್ಷ್ಯವು ಬಹುಮಟ್ಟಿಗೆ ಬೇರೆಡೆಗಿತ್ತು.

ಪಶ್ಚಿಮದ ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಎರಡನೆಯ ಶತಮಾನದ ಮಾರ್ಸಿಯನ್ ಹಳೆಯ ಒಡಂಬಡಿಕೆಯ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆಯೆಂದು ಸಾರಿ ಸಭೆಯಿಂದ ಬಹಿಷ್ಕೃತನಾದನು. ಮೂರನೆಯ ಶತಮಾನದ ಒರಿಜೆನ್ ಯೆಹೋಶುವನ ಯುದ್ಧಗಳನ್ನು ಆತ್ಮವು ಪಾಪದೊಡನೆ ನಡೆಸುವ ಹೋರಾಟದ ರೂಪಕಗಳೆಂದು ವ್ಯಾಖ್ಯಾನಿಸಿದನು. ಪಿಯೇರ್ ಬೇಲನು 1697ರಲ್ಲಿ ತನ್ನ ಕೋಶದಲ್ಲಿ ದಾವೀದನ ನಡತೆಯನ್ನು ಸಾಮಾನ್ಯ ಅರಸನೊಬ್ಬನದೆಂಬಂತೆ ತೂಗಿ ನೋಡಿದನು. ನಾಸ್ತಿಕರ ಸಮಾಜವೂ ನೀತಿವಂತವಾಗಿರಬಲ್ಲುದೆಂದು ಅದಕ್ಕೂ ಮೊದಲೇ ವಾದಿಸಿದ್ದವನು ಅವನೇ. ಥಾಮಸ್ ಪೇನನ ಗ್ರಂಥವು 1794ರಿಂದ ಹೊರಬಂದು, ಬಿಷಪ್ ವಾಟ್ಸನ್‌ನಿಂದ 1796ರಲ್ಲಿ ಉತ್ತರವನ್ನು ಪಡೆಯಿತು. ನಮಗೆ ಹೆಚ್ಚು ಹತ್ತಿರವಾದದ್ದು ನಟಾಲಿನ ಬಿಷಪ್ ಕೊಲೆನ್ಸೋನ ಪ್ರಸಂಗ. ದಾಸನೊಬ್ಬನು ಧಣಿಯ ಹೊಡೆತ ತಿಂದು ಒಂದೆರಡು ದಿನ ಬದುಕಿ ಸತ್ತರೆ ಧಣಿಗೆ ದಂಡನೆಯಿಲ್ಲ, ಏಕೆಂದರೆ ದಾಸನು ಅವನ ಸ್ವತ್ತು ಎಂಬ ವಿಮೋಚನಕಾಂಡದ 21ನೆಯ ಅಧ್ಯಾಯದ ವಿಧಿಯನ್ನು ಜೂಲೂ ಭಾಷೆಗೆ ತರುವಾಗ ತನ್ನ ಸಹಾಯಕನಾದ ಜೂಲೂ ಕ್ರೈಸ್ತನು ತೋರಿದ ಜುಗುಪ್ಸೆಯನ್ನು ಆತನು 1862ರ ತನ್ನ ಗ್ರಂಥದಲ್ಲಿ ದಾಖಲಿಸಿದನು. ವಸಾಹತುಗಳಲ್ಲಿ ಬೈಬಲಿನ ನೀತಿಪ್ರಶ್ನೆಯು ನಾಸ್ತಿಕರ ಪುಸ್ತಕಗಳಿಂದ ಮಾತ್ರ ಹುಟ್ಟಲಿಲ್ಲ, ಭಾಷಾಂತರದ ಮೇಜಿನ ಮೇಲೆಯೂ ಹುಟ್ಟಿತೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ಕನ್ನಡನಾಡಿಗೆ ಬಂದರೆ, ಬಿಜಾಪುರ ಸೀಮೆಯಲ್ಲಿ ಕ್ರೈಸ್ತಶಾಸ್ತ್ರದ ಚರ್ಚೆಗೆ ಆದಿಲಶಾಹಿಯ ಕಾಲದಷ್ಟು ಹಳೆಯ ಹಿನ್ನೆಲೆಯಿದೆ. ಮೊದಲನೆಯ ಅಲಿ ಆದಿಲಶಹನ ಆಹ್ವಾನದಂತೆ ಗೋವೆಯ ಪಾದ್ರಿಗಳು 1561ರಲ್ಲಿ ಅವನ ಆಸ್ಥಾನಕ್ಕೆ ಬಂದಿದ್ದರು. ಆದರೆ ಬೈಬಲು ಕನ್ನಡದ ಓದುಗನ ಕೈಗೆ ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲಸಿದನು; ಆತನೂ ಸಹೋದ್ಯೋಗಿಗಳೂ ಕೈಕೊಂಡ ಸಂಪೂರ್ಣ ಭಾಷಾಂತರವು 1831ರ ಹೊತ್ತಿಗೆ ಮುಗಿಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಹಬ್ಬಿತು, ಅಲ್ಲಿಂದ ಬೆಟಗೇರಿ, ಗುಳೇದಗುಡ್ಡಗಳ ದಾರಿಯಾಗಿ ಬಿಜಾಪುರವನ್ನು ಮುಟ್ಟಿತು. ಬಾಗೇವಾಡಿ, ಇಂಡಿ, ಸಿಂದಗಿ, ಮುದ್ದೇಬಿಹಾಳಗಳು ಆಗ ಮುಂಬಯಿ ಆಧಿಪತ್ಯಕ್ಕೆ ಸೇರಿದ ಕಲಾದಗಿ ಜಿಲ್ಲೆಯಲ್ಲಿದ್ದವು; ಜಿಲ್ಲೆಯ ಕೇಂದ್ರವು 1885ರ ಸುಮಾರಿಗೆ ಬಿಜಾಪುರಕ್ಕೆ ಬಂದಿತು. ಆದುದರಿಂದ ಈ ಭಾಗದ ವಿದ್ಯಾವಂತರಿಗೆ ವಾದದ ಗಾಳಿಯು ಮದರಾಸಿನಿಂದ ಬೀಸದೆ, ಧಾರವಾಡ, ಪುಣೆ, ಮುಂಬಯಿಗಳಿಂದ ಬೀಸಿತು.

ಪಾದ್ರಿಗಳ ಪ್ರಚಾರಪದ್ಧತಿಯು ನೀತಿಯನ್ನೇ ಆಯುಧವನ್ನಾಗಿ ಹಿಡಿದಿತ್ತು. ಸಂತೆಗಳಲ್ಲಿ, ಜಾತ್ರೆಗಳಲ್ಲಿ ನಿಂತು ಪುರಾಣದ ದೇವತೆಗಳ ನಡತೆಯನ್ನು ಖಂಡಿಸಿ, ಇಂಥವರು ಪೂಜ್ಯರಾಗುವುದು ಹೇಗೆಂದು ಕೇಳುವುದು ಅವರ ಕ್ರಮವಾಗಿತ್ತು. ಕೇಳಿದವರು ಸುಮ್ಮನಿರಲಿಲ್ಲ. 1857ರಲ್ಲಿ ಮುಂಬಯಿಯ ಕಡಲದಂಡೆಯಲ್ಲಿ ವಿಷ್ಣುಬಾವಾ ಬ್ರಹ್ಮಚಾರಿಯು ಪಾದ್ರಿಗಳೊಡನೆ ಬಹಿರಂಗವಾಗಿ ವಾದ ಮಾಡಿದನು. ದಯಾನಂದ ಸರಸ್ವತಿಯವರ ‘ಸತ್ಯಾರ್ಥ ಪ್ರಕಾಶ’ದ 1884ರ ಪರಿಷ್ಕೃತ ಮುದ್ರಣದಲ್ಲಿ ಸೇರಿದ ಹದಿಮೂರನೆಯ ಸಮುಲ್ಲಾಸವು ಆದಿಕಾಂಡದಿಂದ ತೊಡಗಿ ಬೈಬಲಿನ ವಚನಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸಿತು. ಇವರಲ್ಲಿ ಒಬ್ಬರೂ ನಾಸ್ತಿಕರಲ್ಲ. ಮಂಗಳೂರಿನಲ್ಲಿ 1870ರಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳುತನದಲ್ಲಿ ತಲೆಯೆತ್ತಿದ ಬ್ರಾಹ್ಮ ಉಪಾಸನಾ ಸಭೆಯಾದರೂ ಆಸ್ತಿಕರದೇ. ಯೇಸುವಿನ ನೀತಿಬೋಧೆಯನ್ನು ಪವಾಡಗಳಿಂದ ಬೇರ್ಪಡಿಸಿ 1820ರಲ್ಲಿ ಪ್ರಕಟಿಸಿ ಸೇರಾಂಪುರದ ಪಾದ್ರಿಗಳ ರೋಷಕ್ಕೆ ಗುರಿಯಾದ ರಾಮಮೋಹನ ರಾಯರ ಪರಂಪರೆಗೆ ಅದು ಸೇರಿದುದು.

ಬಸವಣ್ಣನವರ ಊರಾದ ಬಾಗೇವಾಡಿಯ ಓದುಗನಿಗೆ ಈ ವಾದದ ಅತ್ಯಂತ ಫಲವತ್ತಾದ ಪ್ರಸಂಗವು ತನ್ನ ಮನೆಯ ಪುರಾಣದಲ್ಲಿಯೇ ಇದೆ. ಹರ್ಮನ್ ಮೋಗ್ಲಿಂಗನು ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ವೀರಶೈವ ಪುರಾಣಗಳನ್ನು ಅಚ್ಚು ಹಾಕಿಸಿದ ತರುವಾಯ, ಬಾಸೆಲ್ ಮಿಶನ್ನಿನ ಪಾದ್ರಿ ವ್ಯುರ್ತನು 1860ರ ದಶಕದಲ್ಲಿ ಬಸವಪುರಾಣ, ಚನ್ನಬಸವಪುರಾಣಗಳನ್ನು ಇಂಗ್ಲಿಷಿಗೆ ತಂದು ಮುಂಬಯಿಯ ರಾಯಲ್ ಏಶಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಬಸವಪುರಾಣದಲ್ಲಿ ಸಿರಿಯಾಳನ ಕಥೆಯಿದೆ. ಜಂಗಮರೂಪದಿಂದ ಬಂದ ಶಿವನು ನರಮಾಂಸದ ಊಟವನ್ನು ಬೇಡುತ್ತಾನೆ. ಸಿರಿಯಾಳನೂ ಚಾಂಗಳೆಯೂ ಮಗ ಚೀಲಾಳನನ್ನು ಕೊಂದು ಅಡಿಗೆ ಮಾಡುತ್ತಾರೆ. ಮಗನನ್ನು ಕರೆಯದೆ ಉಣ್ಣೆನೆಂದು ಅತಿಥಿಯು ಹಟ ಹಿಡಿಯಲು, ತಾಯಿ ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕೂಗುತ್ತಾಳೆ, ಕೊಂದ ಮಗನು ಓಡಿ ಬರುತ್ತಾನೆ. ಇಂಥ ದೇವರನ್ನು ಆರಾಧಿಸಬಹುದೇ ಎಂದು ಕೇಳುವ ಕ್ರೈಸ್ತನ ಕೈಯಲ್ಲಿ ಆದಿಕಾಂಡದ 22ನೆಯ ಅಧ್ಯಾಯವಿದೆ; ಅಲ್ಲಿ ಅಬ್ರಹಾಮನು ದೇವರ ಅಪ್ಪಣೆಯಂತೆ ಮಗ ಇಸಾಕನ ಹೆಗಲ ಮೇಲೆ ಸೌದೆಯನ್ನು ಹೊರಿಸಿ ಮೊರೀಯ ಸೀಮೆಯ ಬೆಟ್ಟವನ್ನೇರುತ್ತಾನೆ, ಕತ್ತಿಯನ್ನೆತ್ತಿದ ಕೈಯನ್ನು ದೇವದೂತನು ತಡೆಯುತ್ತಾನೆ. ಒಂದರಲ್ಲಿ ಕೃತ್ಯವು ನಡೆದು ಅಳಿಸಲ್ಪಡುತ್ತದೆ, ಇನ್ನೊಂದರಲ್ಲಿ ನಡೆಯದೆ ಉಳಿಯುತ್ತದೆ. ಈ ಭೇದವು ಅಲ್ಪವಲ್ಲ, ಕ್ರೈಸ್ತ ವ್ಯಾಖ್ಯಾನಕಾರರು ನರಬಲಿಯ ನಿಷೇಧವನ್ನೇ ಇದರಲ್ಲಿ ಕಂಡಿದ್ದಾರೆ. ಆದರೆ ಆಜ್ಞೆಯ ನೀತಿಯನ್ನು ಕುರಿತ ಪ್ರಶ್ನೆಯು ಎರಡು ಕಥೆಗಳಿಗೂ ಸಮಾನವಾದುದು. ಮಗನನ್ನು ಕೊಲ್ಲಬಾರದೆಂಬುದು ನನಗೆ ನಿಶ್ಚಿತ, ಆಜ್ಞಾಪಿಸುವ ನೀನು ದೇವರೆಂಬುದು ನಿಶ್ಚಿತವಲ್ಲ ಎಂದು ಅಬ್ರಹಾಮನು ಉತ್ತರಿಸಬೇಕಾಗಿತ್ತೆಂಬುದು 1798ರಲ್ಲಿ ಕಾಂಟ್ ಮುಂದಿಟ್ಟ ಅಭಿಪ್ರಾಯದ ಸಾರ. ನಂಬಿಕೆಯು ನೀತಿಯನ್ನೂ ಮೀರಿ ನಿಲ್ಲುವ ಭೀಕರ ಕ್ಷಣವನ್ನು 1843ರಲ್ಲಿ ಕೀರ್ಕೆಗಾರ್ಡ್ ಅದೇ ಕಥೆಯಲ್ಲಿ ಕಂಡನು. ಸಿರಿಯಾಳನಲ್ಲಿ ಮೂಡಿದ ಭಕ್ತಿಯ ಅಭಿಮಾನವನ್ನು ಬಸವಪುರಾಣವೇ ಮುಂದೆ ಮುರಿಯುತ್ತದೆ. ದಯೆಯನ್ನು ಧರ್ಮದ ಬೇರೆಂದು ಸಾರಿದ ಬಸವಣ್ಣನವರ ವಚನಗಳೂ ಈ ಕಥೆಯೂ ಒಂದೇ ಜನದ ಕಂಠದಲ್ಲಿ ಉಳಿದು ಬಂದಿವೆ. ಶಾಸ್ತ್ರವು ತನ್ನೊಳಗೇ ತನ್ನ ವಿಮರ್ಶೆಯನ್ನು ಹೊತ್ತಿರುತ್ತದೆ ಎಂದು ಯೋಬನ ಗ್ರಂಥವನ್ನೂ ಪ್ರವಾದಿಗಳನ್ನೂ ತೋರಿಸಿ ಕ್ರೈಸ್ತರು ಹೇಳುವ ಮಾತಿಗೆ ಇದು ಸಮಾನಾಂತರವಾದ ನಿದರ್ಶನವೆಂದು ಈ ಲೇಖಕನು ಭಾವಿಸುತ್ತಾನೆ.

ಇಪ್ಪತ್ತನೆಯ ಶತಮಾನದ ನಿಜವಾದ ತಿರುವು ಕ್ರೈಸ್ತಸಭೆಯ ಒಳಗಿನಿಂದಲೇ ಬಂದಿತು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿ ಬಾಸೆಲ್ ಮಿಶನ್ನಿನ ಪಾದ್ರಿಯಾದ ಉತ್ತಂಗಿ ಚನ್ನಪ್ಪನವರು (ನಿಧನ 1962) ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಸಂಗ್ರಹಿಸಿ 1924ರಲ್ಲಿ ಹೊರತಂದುದು ಎಲ್ಲರಿಗೂ ತಿಳಿದಿದೆ. ಅನುಭವ ಮಂಟಪದ ಐತಿಹಾಸಿಕತೆಯನ್ನು ಸ್ಥಾಪಿಸಲು ಅವರು ಪಟ್ಟ ಶ್ರಮವೂ 1949ರ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದುದೂ ಸಾಹಿತ್ಯಚರಿತ್ರೆಗಳಲ್ಲಿ ಬಂದಿವೆ. ಆದರೆ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ಯನ್ನು ಬರೆದ ಉತ್ತಂಗಿಯವರನ್ನು ಈ ವಾದದ ಇತಿಹಾಸದಲ್ಲಿ ಸೇರಿಸದೆ ಬಿಡುವುದು ದೊಡ್ಡ ಲೋಪ. ಹಿಂದಿನ ಪಾದ್ರಿಯು ಪುರಾಣವನ್ನು ಹಳಿದು ಬೈಬಲನ್ನು ಮೆರೆಸಿದ್ದನು. ಉತ್ತಂಗಿಯವರು ಕೂಡಲಸಂಗಮದ ಶರಣರಲ್ಲಿಯೂ ಸರ್ವಜ್ಞನಲ್ಲಿಯೂ ತಾವು ಗೌರವಿಸತಕ್ಕ ನೀತಿಯನ್ನು ಕಂಡು, ಅದಕ್ಕಾಗಿ ತಮ್ಮ ವಿದ್ವತ್ತನ್ನು ಸವೆಸಿದರು. ಹೀಗೆ ಬೈಬಲಿನ ಹೊರಗೂ ಪ್ರಮಾಣಾರ್ಹವಾದ ನೀತಿಯುಂಟೆಂದು ಕ್ರೈಸ್ತನೇ ತನ್ನ ದುಡಿಮೆಯಿಂದ ಒಪ್ಪಿದ ಮೇಲೆ, ಶಾಸ್ತ್ರವೊಂದೇ ನೀತಿಯ ಮೂಲವೆಂಬ ಹಳೆಯ ವಾದವು ಮೊದಲಿನ ಬಿಗಿಯಲ್ಲಿ ಉಳಿಯಲಾರದು. ಮದರಾಸಿನಲ್ಲಿ ಪಿ. ಚೆಂಚಯ್ಯ ಮೊದಲಾದವರು 1938ರಲ್ಲಿ ಪ್ರಕಟಿಸಿದ ಪ್ರಬಂಧಸಂಕಲನವೂ ಭಾರತೀಯ ಕ್ರೈಸ್ತಧರ್ಮವು ತನ್ನ ನೆಲೆಯನ್ನು ಹೊಸದಾಗಿ ಆಲೋಚಿಸಬೇಕೆಂದು ಕೇಳಿತು. ಭಾರತದ ಕ್ರೈಸ್ತನಿಗೆ ಹಳೆಯ ಒಡಂಬಡಿಕೆಯು ಅನಿವಾರ್ಯವಲ್ಲವೆಂಬುದು ಚೆಂಚಯ್ಯನವರ ನಿಲುವಾಗಿತ್ತು.

ನಾಸ್ತಿಕವಾದವು ದಕ್ಷಿಣ ಭಾರತದಲ್ಲಿ ಮೊದಲು ಸಂಘಟಿತವಾದದ್ದು ಮದರಾಸಿನಲ್ಲಿ, 1880ರ ದಶಕದಲ್ಲಿ. ಪಶ್ಚಿಮದ ಸ್ವತಂತ್ರಚಿಂತಕರಾದ ಬ್ರಾಡ್ಲಾ, ಇಂಗರ್ಸಾಲರ ವಾದಗಳು ಅಲ್ಲಿಯ ಪತ್ರಿಕೆಗಳ ಮೂಲಕ ಹರಡಿದವು, ಮುಂದೆ ಪೆರಿಯಾರರ ಚಳವಳಿಯು ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್‌ನ 1927ರ ಉಪನ್ಯಾಸವನ್ನು ತಮಿಳಿಗೆ ತಂದಿತು. ನಿತ್ಯನರಕವನ್ನು ಬೋಧಿಸಿದವನನ್ನೂ ಹಣ್ಣಿನ ಕಾಲವಲ್ಲದಾಗ ಅಂಜೂರದ ಮರವನ್ನು ಶಪಿಸಿದವನನ್ನೂ ಸರ್ವೋತ್ತಮ ನೀತಿವಂತನೆನ್ನಲಾಗದೆಂದು ರಸೆಲ್ ಅದರಲ್ಲಿ ಆಕ್ಷೇಪಿಸಿದ್ದನು. ಕನ್ನಡದ ವಿಚಾರವಾದವು ಈ ದಾರಿಯನ್ನು ಹಿಡಿಯಲಿಲ್ಲ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಗಳಾಗಿದ್ದು 1976ರಲ್ಲಿ ನೇಮಿಸಿದ ಸಮಿತಿಯು ಪವಾಡಗಳನ್ನು ಪರೀಕ್ಷಿಸಹೊರಟಿತು. ತಿರುವಲ್ಲದ ಮಾರ್ ತೋಮಾ ಪಾದ್ರಿಯ ಮಗನಾಗಿ ಹುಟ್ಟಿ, ಬೈಬಲಿನ ನಡುವೆ ಬೆಳೆದ ಅಬ್ರಹಾಂ ಕೋವೂರರು ಕೂಡ ಕನ್ನಡದ ಓದುಗರಿಗೆ ಪರಿಚಿತರಾದದ್ದು ದೇವಮಾನವರ ಬೆನ್ನಟ್ಟಿದವರೆಂದು. ಮಂಗಳೂರಿನ ನರೇಂದ್ರ ನಾಯಕರ ಕಾರ್ಯವೂ ಮುಖ್ಯವಾಗಿ ಅದೇ ಜಾಡಿನದು. ಕ್ರೈಸ್ತರು ಇಲ್ಲಿ ಅಲ್ಪಸಂಖ್ಯಾತರು. ಬಹುಜನರ ಬದುಕನ್ನು ಆಳುವ ಜಾತಿ, ಮಡೆಸ್ನಾನ, ಜ್ಯೋತಿಷ್ಯಗಳನ್ನು ಬಿಟ್ಟು ಯೆಹೋಶುವನ ಯುದ್ಧಗಳನ್ನು ಹಿಡಿಯಲು ಕನ್ನಡದ ನಾಸ್ತಿಕನಿಗೆ ಕಾರಣವಿರಲಿಲ್ಲ. ಶಾಸ್ತ್ರವಿಮರ್ಶೆಯ ಅಪಾಯವೂ ಅವನಿಗೆ ಎದುರಾದದ್ದು ಸ್ವಂತ ಮನೆಯಲ್ಲಿಯೇ. ಸಿಂದಗಿ ಸೀಮೆಯಲ್ಲಿ 1938ರಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಬಸವಾದಿ ಶರಣರ ಚರಿತ್ರೆಯನ್ನು ಕುರಿತು ಬರೆದುದಕ್ಕಾಗಿ 1989ರಲ್ಲಿ ತಮ್ಮ ಮಾತನ್ನು ಹಿಂತೆಗೆದುಕೊಳ್ಳಬೇಕಾಯಿತು, 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. ಅವರು ನಾಸ್ತಿಕರೂ ಅಲ್ಲ, ಬೈಬಲಿನ ವಿಮರ್ಶಕರೂ ಅಲ್ಲ. ಆದರೆ ಪವಿತ್ರಗ್ರಂಥಗಳನ್ನು ಮನುಷ್ಯನ ವಿವೇಕದಿಂದ ಓದುವ ಹಕ್ಕಿಗೆ ಈ ನೆಲದಲ್ಲಿ ತೆತ್ತ ಬೆಲೆಯನ್ನು ಅವರನ್ನು ಹೆಸರಿಸದೆ ಹೇಳಲಾಗದು.

ವಾದದ ತಿರುಳು ಈಗ ಎಲ್ಲಿ ನಿಂತಿದೆಯೆಂಬುದನ್ನು ಒಂದೇ ಪ್ರಸಂಗದಿಂದ ತಿಳಿಯಬಹುದು. ಸಮುವೇಲನ ಮೊದಲನೆಯ ಗ್ರಂಥದ 15ನೆಯ ಅಧ್ಯಾಯದಲ್ಲಿ ಅಮಾಲೇಕ್ಯರ ಗಂಡಸರು, ಹೆಂಗಸರು, ಮೊಲೆಗೂಸುಗಳು, ಎತ್ತು, ಕುರಿ, ಒಂಟೆ, ಕತ್ತೆಗಳನ್ನೆಲ್ಲ ಕೊಲ್ಲಬೇಕೆಂದು ಸೌಲನಿಗೆ ಅಪ್ಪಣೆಯಾಗುತ್ತದೆ. ಅರಸನನ್ನೂ ಒಳ್ಳೆಯ ದನಕುರಿಗಳನ್ನೂ ಉಳಿಸಿದ ತಪ್ಪಿಗೆ ಅವನು ರಾಜ್ಯದಿಂದ ತಿರಸ್ಕೃತನಾಗುತ್ತಾನೆ. ಕೂಸಿನ ಅಪರಾಧವೇನೆಂದು ನಾಸ್ತಿಕನು ಕೇಳುತ್ತಾನೆ. ಅದು ಪ್ರಾಚೀನ ಯುದ್ಧವರ್ಣನೆಯ ಅತಿಶಯೋಕ್ತಿಯೆಂದು ಕೆಲವು ಕ್ರೈಸ್ತರೂ, ದೈವಜ್ಞಾನವು ಕ್ರಮಕ್ರಮವಾಗಿ ಬೆಳಗಿ ಪರ್ವತಪ್ರಸಂಗದಲ್ಲಿ ಪೂರ್ಣವಾಯಿತೆಂದು ಹಲವರೂ, ಜೀವದಾತನಿಗೆ ಜೀವವನ್ನು ಹಿಂಪಡೆಯುವ ಅಧಿಕಾರವುಂಟೆಂದು ಕಟ್ಟುನಿಟ್ಟಿನವರೂ ಉತ್ತರಿಸುತ್ತಾರೆ. ಬೆಳಕು ಬೆಳೆಯಿತೆಂದು ಅಳೆದ ಕೋಲು ಗ್ರಂಥದ ಹೊರಗಿನದಲ್ಲವೇ ಎಂಬುದು ನಾಸ್ತಿಕನ ಮರುಪ್ರಶ್ನೆ. ದೇವರಿಲ್ಲದ ಜಗತ್ತಿನಲ್ಲಿ ಆ ಕೋಲಿಗೆ ಯಾರನ್ನಾದರೂ ಕಟ್ಟಿಹಾಕುವ ಅಧಿಕಾರವೆಲ್ಲಿಂದ ಬಂದಿತೆಂಬುದು ಕ್ರೈಸ್ತನದು. ಮೂರನೆಯ ಉತ್ತರವು ತನ್ನನ್ನು ಹೇಳಿದವನ ಮನಸ್ಸನ್ನೇ ಒರಟಾಗಿಸುತ್ತದೆಯೆಂಬುದು ಈ ಲೇಖಕನ ದೃಢವಾದ ನಂಬಿಕೆ. ಆದರೆ ಆ ಎರಡು ಮರುಪ್ರಶ್ನೆಗಳು ಎರಡೂ ಪಕ್ಷದವರ ಶ್ರದ್ಧೆಯನ್ನು ಬೇಡುವಂಥವು.

ಇತ್ತೀಚಿನ ದಶಕಗಳಲ್ಲಿ ಪ್ರಶ್ನೆಯನ್ನು ಹೆಚ್ಚು ಪ್ರಾಮಾಣಿಕವಾಗಿ ಎದುರಿಸಿದವರು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಲಿತ ಚಿಂತಕರು. ಅರವಿಂದ ನಿರ್ಮಲರು 1981ರಲ್ಲಿ ಅಲ್ಲಿ ಮಾಡಿದ ಉಪನ್ಯಾಸದಿಂದ ಹೊರಟ ವಿಚಾರಧಾರೆಯು ದಾಸ್ಯದಿಂದ ಬಿಡುಗಡೆಯಾದ ಇಸ್ರಾಯೇಲ್ ಜನರ ಕಥೆಯಲ್ಲಿ ತನ್ನ ನೆಲೆಯನ್ನು ಕಂಡುಕೊಂಡಿತು. ಆದರೆ ಅದೇ ಜನರು ಕಾನಾನಿನ ಮೂಲನಿವಾಸಿಗಳ ನೆಲವನ್ನು ಕಿತ್ತುಕೊಂಡರೆಂಬುದು ಆ ಓದಿಗೆ ಬಿಡದೆ ಅಂಟಿದ ಮುಳ್ಳು. ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು (1920–2001) 1971ರಿಂದ ಜಾಗತಿಕ ಚರ್ಚುಗಳ ಪರಿಷತ್ತಿನ ಸಂವಾದ ವಿಭಾಗವನ್ನು ನಡೆಸಿ, ಖಂಡನೆಯ ಬದಲು ಸಂವಾದವನ್ನು ಪದ್ಧತಿಯಾಗಿ ನೆಲೆಗೊಳಿಸಿದರು.

ಸಾರ್ವಜನಿಕ ಜೀವನದಲ್ಲಿ ಪ್ರಶ್ನೆಯು ಬೇರೆ ಹಾದಿಗೆ ಹೊರಳಿತು. 2022ರ ಮಾರ್ಚ್‌ನಲ್ಲಿ ಶಾಲೆಗಳ ನೀತಿಪಾಠಕ್ಕೆ ಭಗವದ್ಗೀತೆಯನ್ನು ಸೇರಿಸುವ ಮಾತು ಸರಕಾರದಿಂದ ಬಂದಿತು. ಮರುತಿಂಗಳು ಬೆಂಗಳೂರಿನ ಕ್ರೈಸ್ತ ಶಾಲೆಯೊಂದು ಪ್ರವೇಶಪತ್ರದಲ್ಲಿ ಬೈಬಲನ್ನು ತರಲು ಒಪ್ಪಿಗೆ ಪಡೆಯುತ್ತದೆಂಬ ದೂರು ಎದ್ದು ಶಿಕ್ಷಣ ಇಲಾಖೆಯು ವಿವರಣೆ ಕೇಳಿತು. ಯಾವ ಗ್ರಂಥದ ಯಾವ ಭಾಗವು ಮಕ್ಕಳಿಗೆ ನೀತಿಯಾದೀತೆಂಬ ವಿಚಾರವು ಆ ಎರಡು ಚರ್ಚೆಗಳಲ್ಲಿಯೂ ಬಹುತೇಕ ಬದಿಗೆ ಸರಿಯಿತು. ಅದೇ ವರ್ಷ ಜಾರಿಗೆ ಬಂದ ಮತಾಂತರ ನಿಯಂತ್ರಣದ ಕಾಯಿದೆಯು ಒಂದು ಧರ್ಮದ ಆಚರಣೆಗಳನ್ನು ಇನ್ನೊಂದರೆದುರು ಹೀನವಾಗಿ ಚಿತ್ರಿಸುವುದನ್ನೂ ಆಮಿಷದ ವ್ಯಾಖ್ಯೆಯೊಳಗೆ ಸೇರಿಸಿತು. ಜಾತ್ರೆಯಲ್ಲಿ ನಿಂತು ಪುರಾಣವನ್ನು ಖಂಡಿಸಿದ ಪಾದ್ರಿಯ ಪದ್ಧತಿಯು ಈ ಮಾತಿನ ವ್ಯಾಪ್ತಿಗೆ ನೇರವಾಗಿ ಬರತಕ್ಕದ್ದಾಗಿತ್ತು. 2023ರ ಜೂನ್‌ನಲ್ಲಿ ಮುಂದಿನ ಸರಕಾರದ ಸಚಿವ ಸಂಪುಟವು ಆ ಕಾಯಿದೆಯನ್ನು ರದ್ದುಗೊಳಿಸಲು ತೀರ್ಮಾನಿಸಿತು.