ನಡೆದರೆ ಮೀನಖಂಡ ನೋಯುತ್ತದೆಯೇ? ನಡೆಯುವುದನ್ನು ನಿಲ್ಲಿಸಬೇಡಿ

ಸ್ವಲ್ಪ ದೂರ ನಡೆದರೆ ಸಾಕು, ಮೀನಖಂಡ ಹಿಡಿದುಕೊಳ್ಳುತ್ತದೆ. ಎರಡು ನಿಮಿಷ ನಿಂತರೆ ಸರಿಹೋಗುತ್ತದೆ. ಮತ್ತೆ ಹೊರಟರೆ ಹೆಚ್ಚು ಕಡಿಮೆ ಅಷ್ಟೇ ದೂರದಲ್ಲಿ ಮತ್ತೆ ಅದೇ ನೋವು. ಅರವತ್ತು ದಾಟಿದವರಿರುವ ಮನೆಗಳಲ್ಲಿ ಈ ದೂರು ಹೊಸದಲ್ಲ. ಅದಕ್ಕೆ ಸಿಗುವ ಉತ್ತರಗಳೂ ಹೊಸದಲ್ಲ: ವಯಸ್ಸಾಯಿತು, ವಾತ ಇರಬೇಕು, ಕ್ಯಾಲ್ಸಿಯಂ ಕಡಿಮೆಯಾಗಿದೆ, ಎಣ್ಣೆ ಹಚ್ಚಿ ತಿಕ್ಕಿ, ಓಡಾಟ ಕಡಿಮೆ ಮಾಡಿ. ಇವುಗಳಲ್ಲಿ ಹೆಚ್ಚು ಹಾನಿ ಮಾಡುವುದು ಕೊನೆಯ ಸಲಹೆ.

ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಳ್ಳುವ ವಿಷಯ ಈಗ ಎಲ್ಲರಿಗೂ ಗೊತ್ತು. ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳಲ್ಲೂ ಹೀಗೇ ಆಗುತ್ತದೆ ಎಂಬುದು ಮಾತ್ರ ಅಷ್ಟಾಗಿ ಗೊತ್ತಿಲ್ಲ. ಇದರ ಹೆಸರು ಪೆರಿಫೆರಲ್ ಆರ್ಟರಿ ಡಿಸೀಸ್, ಚಿಕ್ಕದಾಗಿ ಪಿಎಡಿ. ಜಗತ್ತಿನಲ್ಲಿ 20 ಕೋಟಿಗೂ ಹೆಚ್ಚು ಜನರಿಗೆ ಇದೆ ಎಂಬ ಅಂದಾಜಿದೆ. ಬೀಡಿ, ಸಿಗರೇಟು ಮತ್ತು ಮಧುಮೇಹ ಇದರ ಅತಿ ದೊಡ್ಡ ಕಾರಣಗಳು. ಕುಳಿತಿರುವಾಗ ಸ್ನಾಯುವಿಗೆ ಬೇಕಾದ ರಕ್ತ ಕಡಿಮೆ. ಕಿರಿದಾದ ನಾಳವೂ ಅಷ್ಟನ್ನು ಪೂರೈಸಿಬಿಡುತ್ತದೆ. ನಡೆಯತೊಡಗಿದರೆ ಬೇಡಿಕೆ ಹಲವು ಪಟ್ಟು ಏರುತ್ತದೆ, ಪೂರೈಕೆ ಏರುವುದಿಲ್ಲ. ಆಗ ನೋವು. ವೈದ್ಯರು ಈ ನೋವಿಗೆ ಕ್ಲಾಡಿಕೇಶನ್ ಎನ್ನುತ್ತಾರೆ. ಕುಂಟುವುದು ಎಂಬರ್ಥದ ಲ್ಯಾಟಿನ್ ಪದದಿಂದ ಬಂದ ಹೆಸರು ಅದು.

ಎಲ್ಲ ಕಾಲುನೋವೂ ಇದೇ ಅಲ್ಲ. ಬೆನ್ನುಮೂಳೆಯ ಒಳಗೆ ನರ ಒತ್ತಿಕೊಂಡಾಗಲೂ ನಡೆದರೆ ಕಾಲು ನೋಯುತ್ತದೆ. ಆದರೆ ಅವರಿಗೆ ಸುಮ್ಮನೆ ನಿಂತರೆ ಸಾಲದು, ಕುಳಿತರೆ ಅಥವಾ ಮುಂದಕ್ಕೆ ಬಾಗಿದರೆ ಆರಾಮ. ವೆರಿಕೋಸ್ ವೇನ್ ಇದ್ದವರಿಗೆ ಸಂಜೆಯ ಹೊತ್ತಿಗೆ ಕಾಲು ಭಾರವಾಗುತ್ತದೆ, ನಿಂತಷ್ಟೂ ಹೆಚ್ಚುತ್ತದೆ. ಪಿಎಡಿ ಇದ್ದವರಿಗೆ ನಿಂತಲ್ಲೇ ನೋವು ಇಳಿಯುತ್ತದೆ.

ಪತ್ತೆಹಚ್ಚುವ ಮೊದಲ ಪರೀಕ್ಷೆ ತೀರಾ ಸರಳ. ತೋಳಿನಲ್ಲಿ ಬಿಪಿ ನೋಡಿದಂತೆ ಕಣಕಾಲಿನಲ್ಲೂ ನೋಡಿ, ಕಾಲಿನ ಅಂಕಿಯನ್ನು ತೋಳಿನ ಅಂಕಿಯಿಂದ ಭಾಗಿಸುತ್ತಾರೆ. ತೋಳಿನಲ್ಲಿ 130, ಕಣಕಾಲಿನಲ್ಲಿ 90 ಇದ್ದರೆ ಉತ್ತರ 0.69. ಇದು 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪಿಎಡಿ ಇದೆ ಎಂದರ್ಥ. ಬಹಳ ವರ್ಷಗಳ ಮಧುಮೇಹಿಗಳಲ್ಲಿ ಮಾತ್ರ ಎಚ್ಚರ ಬೇಕು. ಅವರ ನಾಳಗಳು ಗಟ್ಟಿಯಾಗಿ ಅಂಕಿ ಸುಳ್ಳೇ ಹೆಚ್ಚು ತೋರಿಸಬಹುದು, ಅಂಥವರಿಗೆ ಕಾಲ್ಬೆರಳಿನ ಒತ್ತಡ ನೋಡಬೇಕಾಗುತ್ತದೆ.

ನೋವಾದರೂ ನಡೆಯಬೇಕೇ?

ಹೌದು, ಮತ್ತು ನೋವು ಬರುವಷ್ಟು ನಡೆಯಬೇಕು. ಕೇಳಿದರೆ ಕ್ರೂರ ಎನಿಸಬಹುದು. 2021ರಲ್ಲಿ ಪ್ರಕಟವಾದ ಲೈಟ್ ಎಂಬ ಅಮೆರಿಕದ ಅಧ್ಯಯನ ಇದನ್ನೇ ಪರೀಕ್ಷಿಸಿತು. ಪಿಎಡಿ ಇದ್ದ 305 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಕಾಲುನೋವು ಬರುವ ವೇಗದಲ್ಲಿ ನಡೆಯಬೇಕು, ಇನ್ನೊಂದು ನೋವೇ ಬಾರದಂತೆ ಮೆಲ್ಲಗೆ ನಡೆಯಬೇಕು, ಮೂರನೆಯದಕ್ಕೆ ನಡಿಗೆಯ ಕಾರ್ಯಕ್ರಮವೇ ಇಲ್ಲ. ನಡಿಗೆಯೆಲ್ಲ ಮನೆಯ ಸುತ್ತಮುತ್ತಲೇ, ಮಾರ್ಗದರ್ಶನ ಫೋನಿನಲ್ಲಿ. ಒಂದು ವರ್ಷದ ನಂತರ ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆ ಎಂದು ಅಳೆದಾಗ, ನೋವು ಸಹಿಸಿ ನಡೆದವರು ಮೊದಲಿಗಿಂತ ಸುಮಾರು 34 ಮೀಟರ್ ಹೆಚ್ಚು ನಡೆದರು. ಮೆಲ್ಲಗೆ ನಡೆದವರು ಏನೂ ಮಾಡದವರಿಗಿಂತ ಗಮನಾರ್ಹವಾಗಿ ಮುಂದಿರಲಿಲ್ಲ! 34 ಮೀಟರ್ ಎಂದರೆ ಏನು ಮಹಾ ಎನ್ನಬೇಡಿ. ಮನೆಯಿಂದ ಬಸ್ ಸ್ಟಾಪಿನವರೆಗೆ ಒಂದೇ ಉಸಿರಿಗೆ ಹೋಗಲಾಗದವರಿಗೆ ಅದು ದೊಡ್ಡ ದೂರ.

ಆಸ್ಪತ್ರೆಗಳಲ್ಲಿ ಹೇಳಿಕೊಡುವ ಕ್ರಮ ಹೀಗಿದೆ: ನೋವು ಸಾಕಷ್ಟು ಜೋರಾಗುವವರೆಗೆ ನಡೆಯಿರಿ, ನಿಲ್ಲಿ, ಪೂರ್ತಿ ಇಳಿದ ಮೇಲೆ ಮತ್ತೆ ನಡೆಯಿರಿ. ವಾರಕ್ಕೆ ಕನಿಷ್ಠ ಮೂರು ದಿನ, ದಿನಕ್ಕೆ 30ರಿಂದ 45 ನಿಮಿಷ, ಕನಿಷ್ಠ 12 ವಾರ. ಇದರಿಂದ ನಾಳದ ಅಡೆತಡೆ ಕರಗುವುದಿಲ್ಲ. ಇರುವ ರಕ್ತದಲ್ಲೇ ಹೆಚ್ಚು ಕೆಲಸ ಮಾಡುವುದನ್ನು ಸ್ನಾಯು ಕಲಿಯುತ್ತದೆ. ಪಿಎಡಿ ಇದ್ದವರ ಹೃದಯದಲ್ಲೂ ತೊಂದರೆ ಇರುವ ಸಾಧ್ಯತೆ ಹೆಚ್ಚಾದ್ದರಿಂದ ವೈದ್ಯರು ನೋಡಿದ ಮೇಲೆಯೇ ಶುರು ಮಾಡಿ. ಪಾದದಲ್ಲಿ ಗಾಯವಿದ್ದರೆ ಈ ಪ್ರಯೋಗ ಬೇಡ.

ಔಷಧದ ಕಡೆಯಿಂದಲೂ ಒಂದು ಸುದ್ದಿ ಇದೆ. ತೂಕ ಇಳಿಸುವ ಚುಚ್ಚುಮದ್ದು ಎಂದೇ ಹೆಸರಾದ ಸೆಮಾಗ್ಲುಟೈಡನ್ನು 20 ದೇಶಗಳ 792 ಜನರಲ್ಲಿ, ಅಂದರೆ ಟೈಪ್ 2 ಮಧುಮೇಹ ಮತ್ತು ಪಿಎಡಿ ಎರಡೂ ಇದ್ದವರಲ್ಲಿ, ಪರೀಕ್ಷಿಸಿದ ಸ್ಟ್ರೈಡ್ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಒಂದು ವರ್ಷದ ನಂತರ ಔಷಧ ಪಡೆದವರ ನಡಿಗೆಯ ದೂರದಲ್ಲಿ, ಹುಸಿ ಔಷಧ ಪಡೆದವರಿಗೆ ಹೋಲಿಸಿದರೆ ಸುಮಾರು ಶೇ. 13ರಷ್ಟು ಹೆಚ್ಚು ಸುಧಾರಣೆ ಕಂಡಿತು. ಒಳ್ಳೆಯ ಫಲಿತಾಂಶವೇ. ಆದರೆ ನಡಿಗೆಯ ಜಾಗವನ್ನು ಅದು ತುಂಬುವುದಿಲ್ಲ, ಸಿಗರೇಟು ಬಿಡುವ ಅಗತ್ಯವನ್ನೂ ತಪ್ಪಿಸುವುದಿಲ್ಲ.

ನಡಿಗೆ ಸಾಲದ ಹಂತ

ರಾತ್ರಿ ಮಲಗಿದಾಗಲೂ ಪಾದ ಉರಿದು ನೋಯುತ್ತಿದ್ದರೆ, ಕಾಲನ್ನು ಮಂಚದಿಂದ ಇಳಿಬಿಟ್ಟರೆ ಮಾತ್ರ ಹಿತವೆನಿಸುತ್ತಿದ್ದರೆ, ಬೆರಳಿನ ಹುಣ್ಣು ಎರಡು ವಾರವಾದರೂ ಮಾಯದಿದ್ದರೆ ಅಥವಾ ಬೆರಳು ಕಪ್ಪಾಗುತ್ತಿದ್ದರೆ ಕಾಲೇ ಅಪಾಯದಲ್ಲಿದೆ. ಮುಲಾಮು ಬದಲಿಸುತ್ತಾ ಕೂರುವ ಸಮಯ ಇದಲ್ಲ. ಬಿಸಿನೀರಿನ ಶಾಖವಂತೂ ಬೇಡವೇ ಬೇಡ. ಸ್ಪರ್ಶ ಕಳೆದುಕೊಂಡ ಮಧುಮೇಹಿಯ ಪಾದ ಸುಟ್ಟರೂ ತಿಳಿಯುವುದಿಲ್ಲ. ರಕ್ತನಾಳ ತಜ್ಞರನ್ನು ಆದಷ್ಟು ಬೇಗ ನೋಡಬೇಕು. ಬೆರಳು ಕಪ್ಪಾಗಿದ್ದರೆ ಅಥವಾ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಿ.

ಇಲ್ಲಿ ಎರಡು ದಾರಿಗಳಿವೆ: ಬಲೂನ್ ಅಥವಾ ಸ್ಟೆಂಟ್ ಹಾಕಿ ನಾಳ ತೆರೆಯುವುದು, ಇಲ್ಲವೇ ಬೈಪಾಸ್. ಚಿಕ್ಕ ಗಾಯದ ಬಲೂನ್ ಚಿಕಿತ್ಸೆಯೇ ಯಾವಾಗಲೂ ಮೇಲು ಎಂದು ಅನೇಕರು ನಂಬಿದ್ದಾರೆ. 2022ರಲ್ಲಿ ಬಂದ ಬೆಸ್ಟ್-ಸಿಎಲ್ಐ ಅಧ್ಯಯನ ಆ ನಂಬಿಕೆಯನ್ನು ಅಲುಗಾಡಿಸಿತು. ಕಾಲಿನ ಉದ್ದನೆಯ ಸಫೀನಸ್ ಅಭಿಧಮನಿ ಚೆನ್ನಾಗಿದ್ದವರಲ್ಲಿ, ಮೊದಲು ಬೈಪಾಸ್ ಮಾಡಿಸಿಕೊಂಡವರ ಪೈಕಿ ಶೇ. 42.6 ಜನರಿಗೆ ಕಾಲಿನ ಗಂಭೀರ ತೊಂದರೆ ಅಥವಾ ಸಾವು ಎದುರಾದರೆ, ಬಲೂನ್ ಗುಂಪಿನಲ್ಲಿ ಅದು ಶೇ. 57.4 ಇತ್ತು. ಮರುವರ್ಷವೇ ಬೇಸಿಲ್-2 ಎಂಬ ಯುರೋಪಿನ ಅಧ್ಯಯನ ಉಲ್ಟಾ ಹೇಳಿತು. ಮೊಣಕಾಲಿನ ಕೆಳಗಿನ ನಾಳಗಳಿಗೆ ಚಿಕಿತ್ಸೆ ಬೇಕಿದ್ದ 345 ಜನರಲ್ಲಿ ಬಲೂನ್ ಗುಂಪೇ ಮೇಲಾಗಿತ್ತು, ಮುಖ್ಯವಾಗಿ ಅಲ್ಲಿ ಸಾವುಗಳು ಕಡಿಮೆಯಿದ್ದವು. ಯಾವುದೋ ಒಂದು ಅಧ್ಯಯನ ಸುಳ್ಳು ಎಂದು ಇದರರ್ಥವಲ್ಲ. ಎರಡರಲ್ಲೂ ಇದ್ದ ರೋಗಿಗಳು ಬೇರೆ, ಅಡೆತಡೆ ಇದ್ದ ಜಾಗವೂ ಬೇರೆ.

ಹಾಗಾಗಿ ನಿಮ್ಮ ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆ ಸೂಚಿಸಿದ್ದರೆ ವೈದ್ಯರನ್ನು ಹೀಗೆ ಕೇಳಿ: ಅಡೆತಡೆ ಮೊಣಕಾಲಿನ ಮೇಲಿದೆಯೋ ಕೆಳಗಿದೆಯೋ? ಬೈಪಾಸಿಗೆ ಬಳಸಬಹುದಾದ ಅಭಿಧಮನಿ ಚೆನ್ನಾಗಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಿದ್ದೀರಾ? ಬೈಪಾಸ್ ತಡೆದುಕೊಳ್ಳುವಷ್ಟು ಹೃದಯ ಗಟ್ಟಿಯಿದೆಯೇ?