ಮೊಸರಿನ ಬಟ್ಟಲು, ನೆಲದ ಡೊಂಕು: ಚದುರಂಗದಲ್ಲಿ ಕಳ್ಳಾಟ ಮತ್ತು ಸಂಶಯ

1978ರ ಜುಲೈನಲ್ಲಿ ಫಿಲಿಪ್ಪೀನ್ಸಿನ ಗಿರಿನಗರ ಬಾಗಿಯೊದಲ್ಲಿ ವಿಶ್ವ ಚದುರಂಗ ಪಟ್ಟಕ್ಕಾಗಿ ಅನಾತೊಲಿ ಕಾರ್ಪೊವ್ ಮತ್ತು ವಿಕ್ಟರ್ ಕೊರ್ಚ್‌ನಾಯ್ ಎದುರುಬದುರು ಕೂತರು. ಎರಡನೆಯ ಆಟದ ನಡುವೆ ಕಾರ್ಪೊವ್ ಅವರಿಗೆ ಅವರ ಕಡೆಯವರು ಒಂದು ಬಟ್ಟಲು ಹಣ್ಣು ಬೆರೆಸಿದ ಸಿಹಿ ಮೊಸರು ಕಳಿಸಿದರು. ಆಟವೇನೋ ಡ್ರಾ ಆಯಿತು. ಆದರೆ ಕೊರ್ಚ್‌ನಾಯ್ ನಿಯೋಗದ ಮುಖ್ಯಸ್ಥೆ ಪೆಟ್ರಾ ಲೇವೆರಿಕ್ ಲಿಖಿತ ಆಕ್ಷೇಪಣೆ ಸಲ್ಲಿಸಿದರು. ಯಾವ ತಿನಿಸು ಯಾವ ಹೊತ್ತಿಗೆ ಬಂತು ಎಂಬುದೇ ಗುಪ್ತ ಸಂಕೇತವಾಗಬಹುದು, ಮೊಸರು ಬಂದರೆ ಡ್ರಾ ಕೇಳು, ಹೆಚ್ಚಿದ ಮಾವಿನಹಣ್ಣು ಬಂದರೆ ಡ್ರಾ ಒಪ್ಪಬೇಡ ಎಂಬ ಅರ್ಥ ಇರಬಹುದು ಎಂಬುದು ಅವರ ತಕರಾರು. ಪತ್ರದಲ್ಲಿ ಗೇಲಿಯ ಪಾಲೆಷ್ಟು, ಗಂಭೀರದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಆದರೆ ತೀರ್ಪುಗಾರರು ಅದನ್ನು ಗಂಭೀರವಾಗಿಯೇ ತೆಗೆದುಕೊಂಡರು. ಮೊಸರು ಇನ್ನು ಮುಂದೆ ಗೊತ್ತಾದ ಹೊತ್ತಿಗೆ, ಗೊತ್ತಾದ ಪರಿಚಾರಕನ ಕೈಯಿಂದಲೇ ಬರಬೇಕೆಂದು ಕಟ್ಟಳೆಯಾಯಿತು.

ಶೀತಲ ಸಮರದ ಕಾಲದ ತಮಾಷೆ ಎಂದು ನಕ್ಕು ಈ ಪ್ರಸಂಗವನ್ನು ದಾಟಿ ಹೋಗುವುದು ವಾಡಿಕೆ. ಚದುರಂಗದ ಕಳ್ಳಾಟದ ಚರಿತ್ರೆ ಬರೆಯುವವರು ಬಹುಮಟ್ಟಿಗೆ ಉಪಕರಣಗಳ ಚರಿತ್ರೆ ಬರೆಯುತ್ತಾರೆ: ಕಂಪ್ಯೂಟರ್ ಬಂತು, ಮೊಬೈಲ್ ಬಂತು, ಜೊತೆಗೇ ಮೋಸ ಬಂತು. ನನ್ನ ವಾದ ಬೇರೆ. ಉಪಕರಣ ಬರುವ ಮೊದಲೇ ಆರೋಪ ತಯಾರಾಗಿ ಕೂತಿತ್ತು. ಇಂದು ನಾವು ಕಳ್ಳಾಟವನ್ನು ಶಂಕಿಸುವ, ವಿಚಾರಿಸುವ, ಅದರ ಬಗ್ಗೆ ಕೂಗಾಡುವ ರೀತಿ 1962ರಿಂದ 1978ರ ನಡುವೆ, ಯಂತ್ರದ ನೆರವು ಇನ್ನೂ ನೆರವೇ ಅಲ್ಲದಿದ್ದ ಕಾಲದಲ್ಲಿ, ರೂಪುಗೊಂಡಿತು.

ಇದರ ಬೇರು ಆಟದ ಸ್ವಭಾವದಲ್ಲೇ ಇದೆ. ಪಗಡೆಯಲ್ಲಿ ಸೋತವನು ದಾಳವನ್ನು ಬೈದುಕೊಂಡು ಮನೆಗೆ ಹೋಗಬಹುದು. ಶಕುನಿಯ ಎದುರು ಧರ್ಮರಾಯ ಸೋತದ್ದನ್ನು ನಾವು ಇಂದಿಗೂ ಧರ್ಮರಾಯನ ದಡ್ಡತನ ಎನ್ನುವುದಕ್ಕಿಂತ ದಾಳದ ಕಪಟ ಎಂದೇ ಹೇಳುತ್ತೇವೆ. ಚದುರಂಗದಲ್ಲಿ ಈ ಅನುಕೂಲವಿಲ್ಲ. ಕಾಯಿಗಳೆಲ್ಲ ಕಣ್ಣೆದುರಿಗಿವೆ, ಅದೃಷ್ಟಕ್ಕೆ ಒಂದು ಮನೆಯೂ ಇಲ್ಲ. ಸೋತವನಿಗೆ ದೂರಲು ಉಳಿಯುವುದು ತನ್ನ ತಲೆ, ಇಲ್ಲವೇ ಹಲಗೆಯ ಹೊರಗಿನ ಪ್ರಪಂಚ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚದುರಂಗದ ದೊಡ್ಡ ಜಗಳಗಳಲ್ಲಿ ಅರ್ಧದಷ್ಟು ಈ ನೆಲದ ಡೊಂಕಿನ ಜಗಳಗಳೇ. ತೊಡಕಿನ ಸಂಗತಿಯೆಂದರೆ, ಕೆಲವು ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ.

ಎದುರಾಳಿಯನ್ನು ಹಲಗೆಯ ಹೊರಗೆ ಕೆಣಕುವುದು ಹಳೆಯ ವಿದ್ಯೆ. ಸ್ಪೇನಿನ ಪಾದ್ರಿ ರೂಯ್ ಲೋಪೆಜ್ 1561ರ ತನ್ನ ಗ್ರಂಥದಲ್ಲೇ ಎದುರಾಳಿಯ ಕಣ್ಣಿಗೆ ಬಿಸಿಲು ಹೊಡೆಯುವಂತೆ ಹಲಗೆ ಹಾಕಿಕೊಳ್ಳಲು ಸಲಹೆ ಕೊಟ್ಟಿದ್ದಾನೆ. ಅದು ಕಿಡಿಗೇಡಿತನ, ಮೋಸ ಎನ್ನುವಂತಿಲ್ಲ. ನಿಜವಾದ ಕೈಚಳಕ ಬೇರೆ. 1994ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ಗ್ಯಾರಿ ಕಾಸ್ಪರೋವ್ ಹದಿನೇಳರ ಹುಡುಗಿ ಯೂದಿತ್ ಪೋಲ್ಗಾರ್ ಎದುರು ಕುದುರೆಯನ್ನು ಒಂದು ಮನೆಯಲ್ಲಿಟ್ಟು, ಅಪಾಯ ಕಂಡೊಡನೆ ಅದನ್ನೇ ಎತ್ತಿ ಬೇರೆ ಮನೆಯಲ್ಲಿಟ್ಟರು. ಬೆರಳು ಕಾಯಿಯನ್ನು ಬಿಟ್ಟಿತ್ತೆಂದು ಟಿವಿ ಕ್ಯಾಮೆರಾ ತೋರಿಸಿತು. ಬಿಟ್ಟದ್ದು ಸೆಕೆಂಡಿನ ಕಾಲು ಭಾಗ. ಪೋಲ್ಗಾರ್ ಆ ಗಳಿಗೆಯಲ್ಲಿ ಸುಮ್ಮನಿದ್ದರು, ಆಟ ಸೋತರು. 2003ರಲ್ಲಿ ಇಸ್ತಾಂಬುಲ್‌ನ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಜುರಾಬ್ ಅಜ್‌ಮೈಪರಾಶ್ವಿಲಿ ಆನೆಗೆ ಆನೆ ಹೊಡೆಯುವುದನ್ನು ಮರೆತು ಒಂಟೆಯನ್ನು ನಡೆಸಿ, ತಪ್ಪು ಅರಿವಾದ ಮೇಲೆ ಹಿಂದಕ್ಕಿಟ್ಟು ಆನೆಯನ್ನೇ ಆಡಿದರು. ಎದುರಿಗಿದ್ದ ವ್ಲಾದಿಮಿರ್ ಮಲಾಖೊವ್ ಬೆಪ್ಪಾಗಿ ನೋಡಿದರೇ ಹೊರತು ಗಡಿಯಾರ ನಿಲ್ಲಿಸಿ ತೀರ್ಪುಗಾರರನ್ನು ಕರೆಯಲಿಲ್ಲ. ಅಜ್‌ಮೈಪರಾಶ್ವಿಲಿ ಆ ವರ್ಷದ ಚಾಂಪಿಯನ್ ಆದರು. ನಮ್ಮ ಜಗಲಿಯ ಮೇಲಾಗಿದ್ದರೆ ‘ಮುಟ್ಟಿದ ಕಾಯಿ ನಡೆಸು’ ಎಂದು ಹತ್ತು ವರ್ಷದ ಹುಡುಗನೂ ಕೈ ಹಿಡಿಯುತ್ತಿದ್ದ. ಹಿಂದೆಗೆದುಕೊಂಡ ಕಾಯಿಗೆ ಸಾಕ್ಷಿ ಉಂಟು, ಎದುರಾಳಿಯ ಎರಡು ಕಣ್ಣು. ಆದರೂ ಇಬ್ಬರೂ ಬಾಯಿ ಬಿಡಲಿಲ್ಲ. ಸಾಕ್ಷಿ ಇರುವ ಕಡೆ ಮೌನ, ಸಾಕ್ಷಿ ಇಲ್ಲದ ಕಡೆ ಬೊಬ್ಬೆ: ಈ ವಿಚಿತ್ರವನ್ನು ಮುಂದೆ ಮತ್ತೆ ಮತ್ತೆ ಕಾಣುತ್ತೇವೆ.

ಬೊಬ್ಬೆಯ ಮೊದಲ ಆಧುನಿಕ ಉದಾಹರಣೆ ವಿಶ್ವ ಚಾಂಪಿಯನ್ನನ ಎದುರಾಳಿಯನ್ನು ಆರಿಸುವ 1962ರ ಕುರಸಾವ್ ಅಭ್ಯರ್ಥಿಗಳ ಪಂದ್ಯಾವಳಿ. ಟೈಗ್ರಾನ್ ಪೆಟ್ರೋಸಿಯಾನ್, ಪೌಲ್ ಕೆರೆಸ್, ಎಫಿಮ್ ಗೆಲ್ಲರ್ ತಮ್ಮತಮ್ಮೊಳಗೆ ಆಡಿದ ಹನ್ನೆರಡೂ ಆಟಗಳನ್ನು ಡ್ರಾ ಮಾಡಿಕೊಂಡರು, ಸರಾಸರಿ 19 ನಡೆಗಳಿಗೆಲ್ಲ ಕೈಕುಲುಕಿದರು. ಸೋವಿಯತ್ ಆಟಗಾರರು ವಿಶ್ವ ಚದುರಂಗವನ್ನು ಮೊದಲೇ ಹಂಚಿಕೊಂಡಿದ್ದಾರೆಂದು ಬಾಬಿ ಫಿಷರ್ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದರು. ಅವರು ಹೇಳಿದ್ದು ಸುಳ್ಳಲ್ಲ. ಇಂಥ ಒಪ್ಪಂದವಿತ್ತೆಂದು ಸೋವಿಯತ್ ಕಡೆಯ ಯೂರಿ ಅವೆರ್‌ಬಾಖ್ ಕೂಡ ಬಹಳ ವರ್ಷಗಳ ಮೇಲೆ ಹೇಳಿದರು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆ ಫಿಡೆ ಅಭ್ಯರ್ಥಿಗಳ ಹಂತವನ್ನು ನೇರ ಮುಖಾಮುಖಿ ಪಂದ್ಯಗಳಿಗೆ ಬದಲಿಸಿತು. ಇಷ್ಟಾದರೂ ಅಂಕಪಟ್ಟಿ ನೋಡಿದರೆ ಗೆದ್ದ ಪೆಟ್ರೋಸಿಯಾನ್ ಅವರದು 17.5, ಫಿಷರ್ ಅವರದು 14. ಮೂರೂವರೆ ಅಂಕದ ಅಂತರವನ್ನು ಬರೀ ಒಪ್ಪಂದದ ತಲೆಗೆ ಕಟ್ಟುವಂತಿಲ್ಲ. ನೆಲ ಡೊಂಕಾಗಿತ್ತು, ಕುಣಿತವೂ ಚೆನ್ನಾಗಿರಲಿಲ್ಲ.

ಹತ್ತು ವರ್ಷಗಳ ತರುವಾಯ ರೇಕ್ಯಾವಿಕ್‌ನಲ್ಲಿ ಪಾತ್ರಗಳು ಅದಲುಬದಲಾದವು. ವಿಶ್ವ ಪಟ್ಟದ ಪಂದ್ಯದಲ್ಲಿ ಫಿಷರ್ ಎದುರು ಬೋರಿಸ್ ಸ್ಪಾಸ್ಕಿ ಸೋಲತೊಡಗಿದಾಗ, ಅವರ ಮೇಲೆ ವಿದ್ಯುನ್ಮಾನ ಇಲ್ಲವೇ ರಾಸಾಯನಿಕ ಪ್ರಭಾವ ಬೀರಲಾಗುತ್ತಿದೆಯೇ ಎಂದು ಸೋವಿಯತ್ ನಿಯೋಗ ಕೇಳಿತು. ಕುರ್ಚಿಗಳನ್ನು ಎಕ್ಸ್‌ರೇ ಮಾಡಿದರು, ದೀಪದ ಪೆಟ್ಟಿಗೆ ಬಿಚ್ಚಿದರು. ಅದರೊಳಗೆ ಸಿಕ್ಕಿದ್ದು ಎರಡು ಸತ್ತ ನೊಣ.

ಬಾಗಿಯೊದಲ್ಲಿ ಈ ರೋಗ ಉಲ್ಬಣಿಸಿತು. ಕೊರ್ಚ್‌ನಾಯ್ 1976ರಲ್ಲಿ ಆಮ್‌ಸ್ಟರ್‌ಡಾಂನಲ್ಲಿ ಸೋವಿಯತ್ ಒಕ್ಕೂಟವನ್ನು ತೊರೆದವರು, ಕುಟುಂಬ ಅಲ್ಲೇ ಉಳಿದಿತ್ತು. ಅವರ ಸಿಟ್ಟಿಗೆ ಕಾರಣ ಹುಡುಕಬೇಕಾಗಿರಲಿಲ್ಲ. ಸಭಾಂಗಣದ ಮುಂದಿನ ಸಾಲುಗಳಲ್ಲಿ ವ್ಲಾದಿಮಿರ್ ಜುಖಾರ್ ಎಂಬ ಮನಶ್ಶಾಸ್ತ್ರಜ್ಞ ಕಣ್ಣು ಮಿಟುಕಿಸದೆ ಅವರನ್ನೇ ದಿಟ್ಟಿಸುತ್ತಿದ್ದರು. ಕೊರ್ಚ್‌ನಾಯ್ ಕನ್ನಡಿಯಂತೆ ಹೊಳೆಯುವ ಕನ್ನಡಕ ಹಾಕಿಕೊಂಡು ಬಂದರು. ಅವರ ಕುರ್ಚಿಯೂ ಎಕ್ಸ್‌ರೇಗೆ ಹೋಯಿತು. ಎಂಟನೆಯ ಆಟದಿಂದ ಕೈಕುಲುಕುವುದು ನಿಂತಿತು. ಕೊನೆಗೆ ಜುಖಾರ್ ದೃಷ್ಟಿಗೆ ಪ್ರತಿದೃಷ್ಟಿಯಾಗಿ ಕೊರ್ಚ್‌ನಾಯ್ ಆನಂದಮಾರ್ಗದ ಕಾವಿ ತೊಟ್ಟ ಇಬ್ಬರನ್ನು ಕರೆತಂದರು. ಅವರಿಬ್ಬರೂ ಮನಿಲಾದ ಭಾರತೀಯ ರಾಯಭಾರ ಕಚೇರಿಯ ಅಧಿಕಾರಿಯೊಬ್ಬರ ಕೊಲೆಯತ್ನದ ಪ್ರಕರಣದಲ್ಲಿ ಜಾಮೀನಿನ ಮೇಲಿದ್ದವರು! ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ಸುಡುವ ನಮ್ಮ ಅಜ್ಜಿಯರು ಇದನ್ನೆಲ್ಲ ಕೇಳಿದ್ದರೆ ಒಂದಿಷ್ಟೂ ಆಶ್ಚರ್ಯಪಡುತ್ತಿರಲಿಲ್ಲ. ಆದರೆ ಒಂದು ಮಾತು. 5–2ರಿಂದ ಹಿಂದಿದ್ದ ಕೊರ್ಚ್‌ನಾಯ್ 5–5ಕ್ಕೆ ಬಂದರು; 32ನೆಯ ಆಟದಲ್ಲಿ ಮಾತ್ರ ಕಾರ್ಪೊವ್ ಆರನೆಯ ಗೆಲುವು ಪಡೆದು ಪಟ್ಟ ಉಳಿಸಿಕೊಂಡರು. ಸಂಶಯ ಅವರ ಆಟವನ್ನು ಕೆಡಿಸಿತು ಎನ್ನುವವರು ಈ ಏರಿಕೆಗೆ ಉತ್ತರ ಕೊಡಬೇಕಾಗುತ್ತದೆ. ಸಿಟ್ಟು ಅವರಿಗೆ ಇಂಧನವೂ ಆಗಿತ್ತು ಎಂಬುದು ನನ್ನ ಊಹೆ.

ಈಗ ಮೊಸರಿಗೆ ಮರಳೋಣ. ಆ ಆಕ್ಷೇಪಣೆಯ ತರ್ಕದಲ್ಲಿ ಲೋಪವಿಲ್ಲ: ಪರಿಣತ ಆಟಗಾರನಿಗೆ ಪೂರ್ತಿ ನಡೆಯನ್ನು ಹೇಳಿಕೊಡಬೇಕಾಗಿಲ್ಲ, ‘ಹೌದು’ ಅಥವಾ ‘ಅಲ್ಲ’ ಎಂಬಷ್ಟು ಸನ್ನೆ ಸಾಕು. 1978ರಲ್ಲಿ ಕೊರತೆಯಿದ್ದದ್ದು ಸನ್ನೆಗಲ್ಲ, ಸನ್ನೆಯಲ್ಲಿ ಹೇಳಲು ತಕ್ಕ ಜ್ಞಾನಕ್ಕೆ. ಕಾರ್ಪೊವ್ ಅವರಿಗಿಂತ ಚೆನ್ನಾಗಿ ಆಡಬಲ್ಲವರು ತೆರೆಯ ಹಿಂದೆ ಯಾರಿದ್ದರು? 2010ರ ಹೊತ್ತಿಗೆ ಆ ಕೊರತೆ ನೀಗಿತ್ತು. ರಷ್ಯಾದ ಖಾಂತಿ-ಮಾನ್ಸಿಸ್ಕ್ ಒಲಿಂಪಿಯಾಡ್‌ನಲ್ಲಿ ಫ್ರಾನ್ಸ್ ತಂಡದ ಸೆಬಾಸ್ಟಿಯನ್ ಫೆಲ್ಲರ್ ಆಡುತ್ತಿದ್ದಾಗ ಸಿರಿಲ್ ಮಾರ್ಜೋಲೊ ಫ್ರಾನ್ಸಿನಲ್ಲಿ ಕೂತು ಕಂಪ್ಯೂಟರ್ ಹೇಳಿದ ನಡೆಯನ್ನು ಸಂಖ್ಯೆಗಳಾಗಿಸಿ ಎಸ್‌ಎಂಎಸ್ ಕಳಿಸುತ್ತಿದ್ದರು. ತರಬೇತುದಾರ ಆರ್ನೊ ಹೋಶಾರ್ ಅದನ್ನು ಓದಿ, ಸಭಾಂಗಣದಲ್ಲಿ ಅಡ್ಡಾಡುವವರಂತೆ ನಡೆದು ಯಾವುದೋ ಒಂದು ಮೇಜಿನ ಹಿಂದೆ ನಿಲ್ಲುತ್ತಿದ್ದರು. ನಿಂತ ಜಾಗವೇ ಸಂಕೇತ. ಮೊಸರಿನ ಬಟ್ಟಲಿಗೆ ಕಾಲು ಬಂದಿತ್ತು. ಐದನೆಯ ಹಲಗೆಯ ಚಿನ್ನ ಫೆಲ್ಲರ್ ಪಾಲಾಯಿತು. ಆಮೇಲೆ ಮೂವರನ್ನೂ ಅಮಾನತು ಮಾಡಲಾಯಿತು. ನಮ್ಮಲ್ಲೂ 2006ರ ಡಿಸೆಂಬರ್‌ನಲ್ಲಿ ದೆಹಲಿಯ ಪಂದ್ಯಾವಳಿಯೊಂದರಲ್ಲಿ ಆಟಗಾರನೊಬ್ಬ ಟೋಪಿಯಲ್ಲಿ ಬ್ಲೂಟೂತ್ ಹೊಲಿಸಿಕೊಂಡು ಸಿಕ್ಕಿಬಿದ್ದು ಹತ್ತು ವರ್ಷ ನಿಷೇಧಕ್ಕೊಳಗಾದ.

ಸಾಧ್ಯತೆ ನಿಜವಾದ ಮೇಲೆ ಸಂಶಯಕ್ಕೆ ಲಂಗುಲಗಾಮು ಇಲ್ಲವಾಯಿತು. 2006ರಲ್ಲಿ ಎಲಿಸ್ತಾದ ವಿಶ್ವ ಪಟ್ಟದ ಪಂದ್ಯದಲ್ಲಿ ವೆಸೆಲಿನ್ ತೊಪಲೊವ್ ಅವರ ಮ್ಯಾನೇಜರ್ ಸಿಲ್ವಿಯೊ ದನೈಲೊವ್, ವ್ಲಾದಿಮಿರ್ ಕ್ರಾಮ್ನಿಕ್ ಅತಿಯಾಗಿ ಶೌಚಾಲಯಕ್ಕೆ ಹೋಗುತ್ತಾರೆಂದು ದೂರಿದರು. ಮೇಲ್ಮನವಿ ಸಮಿತಿ ಖಾಸಗಿ ಶೌಚಾಲಯಗಳಿಗೆ ಬೀಗ ಹಾಕಿಸಿತು. ಕ್ರಾಮ್ನಿಕ್ ಐದನೆಯ ಆಟಕ್ಕೆ ಕೂರಲು ಒಪ್ಪದೆ ಅದನ್ನು ಕಳೆದುಕೊಂಡರು, ಕೊನೆಗೆ ಟೈಬ್ರೇಕ್‌ನಲ್ಲಿ ಪಂದ್ಯ ಗೆದ್ದರು. ಆ ಸಮಿತಿಯ ಸದಸ್ಯರಲ್ಲೊಬ್ಬರು ಯಾರು ಗೊತ್ತೇ? ಇಸ್ತಾಂಬುಲ್‌ನಲ್ಲಿ ಒಂಟೆಯನ್ನು ಹಿಂದಕ್ಕಿಟ್ಟ ಅಜ್‌ಮೈಪರಾಶ್ವಿಲಿ. ದನೈಲೊವ್ ಮುಂದುವರಿದು, ಕ್ರಾಮ್ನಿಕ್ ಅವರ ನಡೆಗಳು ಕಂಪ್ಯೂಟರಿನ ನಡೆಗಳಿಗೆ ಶೇಕಡಾ ಎಷ್ಟು ಹೊಂದುತ್ತವೆಂಬ ಪಟ್ಟಿಯನ್ನೂ ಹೊರಡಿಸಿದರು. ಇಂಥ ಪಟ್ಟಿಗೆ ಬೆಲೆಯಿಲ್ಲ. ಬಲವಂತದ ನಡೆಗಳಲ್ಲಿ ಎಲ್ಲರೂ ಕಂಪ್ಯೂಟರಿನಂತೆಯೇ ಆಡುತ್ತಾರೆ. ಬಫೆಲೊ ವಿಶ್ವವಿದ್ಯಾಲಯದ ಕೆನೆತ್ ರೀಗನ್ ಅವರಂಥವರು ಮಾಡುವ ಲೆಕ್ಕ ಬೇರೆ ಬಗೆಯದು. ಆಟಗಾರನ ರೇಟಿಂಗ್ ಎಷ್ಟು, ಆ ಮಟ್ಟದವನು ಇಂಥ ಸ್ಥಿತಿಯಲ್ಲಿ ಎಷ್ಟು ಸಲ ಯಂತ್ರದ ಮೊದಲ ಆಯ್ಕೆಯನ್ನೇ ಆರಿಸಿಯಾನು, ಅದರಿಂದ ಈ ಆಟ ಎಷ್ಟು ದೂರ ಸರಿದಿದೆ ಎಂಬುದನ್ನು ಅದು ಅಳೆಯುತ್ತದೆ. ಅಲ್ಲೂ ದೊರೆಯುವುದು ಸಂಭವನೀಯತೆಯೇ, ತಪ್ಪೊಪ್ಪಿಗೆಯಲ್ಲ.

ಪಟ್ಟಿಯ ಏಟು ತಿಂದ ಕ್ರಾಮ್ನಿಕ್ ಅವರೇ 2023ರಿಂದೀಚೆಗೆ ಅಂತರ್ಜಾಲದ ಆಟಗಳ ಅಂಕಿಅಂಶ ಹಿಡಿದು ಒಬ್ಬರ ಮೇಲೊಬ್ಬರಂತೆ ಶಂಕೆ ವ್ಯಕ್ತಪಡಿಸತೊಡಗಿದ್ದು ಈ ಚರಿತ್ರೆಯ ಅತ್ಯಂತ ಕಹಿ ತಿರುವು. ಹಾಗೆ ಶಂಕೆಗೊಳಗಾದವರಲ್ಲಿ ಒಬ್ಬರಾದ ಡೇನಿಯಲ್ ನರೋಡಿಟ್ಸ್‌ಕಿ 2025ರ ಅಕ್ಟೋಬರ್‌ನಲ್ಲಿ 29ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆರೋಪಕ್ಕೂ ಸಾವಿಗೂ ಗೆರೆ ಎಳೆಯುವುದು ಸಂಶೋಧಕನ ಕೆಲಸವಲ್ಲ. ಕ್ರಾಮ್ನಿಕ್ ಅವರ ವಿರುದ್ಧ ಫಿಡೆ ತನ್ನ ನೀತಿ ಆಯೋಗಕ್ಕೆ ದೂರು ಕೊಟ್ಟಿತು ಎಂಬುದಷ್ಟೇ ದಾಖಲೆ.

ಬೆಂಗಳೂರಿನ ಕಥೆ ಇದಕ್ಕೆ ತದ್ವಿರುದ್ಧ. 2021ರ ಜೂನ್‌ನಲ್ಲಿ ಅಕ್ಷಯಪಾತ್ರೆಯ ನೆರವಿಗಾಗಿ ವಿಶ್ವನಾಥನ್ ಆನಂದ್ ಗಣ್ಯರೊಂದಿಗೆ ಆನ್‌ಲೈನ್ ಆಟವಾಡಿದರು. ಉದ್ಯಮಿ ನಿಖಿಲ್ ಕಾಮತ್ ಗೆದ್ದರು. ಮರುದಿನವೇ, ಬಲ್ಲವರ ಮತ್ತು ಕಂಪ್ಯೂಟರಿನ ಸಹಾಯ ಪಡೆದಿದ್ದೆನೆಂದು ತಾವೇ ಹೇಳಿ ಕ್ಷಮೆ ಕೇಳಿದರು. ಈ ಆಟದಲ್ಲಿ ಸಂಶಯಪಡಲು ಶೌಚಾಲಯದ ಲೆಕ್ಕ ಬೇಕಾಗಿರಲಿಲ್ಲ. ಹವ್ಯಾಸಿಯೊಬ್ಬ ಐದು ಸಲದ ವಿಶ್ವ ಚಾಂಪಿಯನ್ನನ್ನು ಸೋಲಿಸಿದನೆಂದರೆ ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಕಷ್ಟವಿರುವುದು ಬಲ್ಲವನು ಬಲ್ಲವನನ್ನು ಸೋಲಿಸಿದಾಗ. 2022ರ ಸೆಪ್ಟೆಂಬರ್‌ನಲ್ಲಿ ಹತ್ತೊಂಬತ್ತರ ಹಾನ್ಸ್ ನೀಮನ್ ಎದುರು ಸೋತ ಮ್ಯಾಗ್ನಸ್ ಕಾರ್ಲ್‌ಸನ್ ಸಿಂಕ್‌ಫೀಲ್ಡ್ ಕಪ್ ಬಿಟ್ಟು ಹೊರನಡೆದರು. ಹುಡುಗನಾಗಿದ್ದಾಗ ಆನ್‌ಲೈನ್‌ನಲ್ಲಿ ಮೋಸ ಮಾಡಿದ್ದೆನೆಂದು ನೀಮನ್ ಒಪ್ಪಿಕೊಂಡರು, ಹಲಗೆಯ ಎದುರು ಎಂದೂ ಮಾಡಿಲ್ಲವೆಂದರು. ಮಾಡಿದ್ದಕ್ಕೆ ಸಾಕ್ಷ್ಯ ಸಿಗಲಿಲ್ಲ. ಸರಿಯಾದ ಕಾರಣವಿಲ್ಲದೆ ಪಂದ್ಯಾವಳಿ ತೊರೆದದ್ದಕ್ಕೆ ಫಿಡೆ ಕಾರ್ಲ್‌ಸನ್ ಅವರಿಗೆ 10,000 ಯೂರೋ ದಂಡ ಹಾಕಿತು. ಕಾರ್ಲ್‌ಸನ್ ಹೋದ ಮೇಲೆ ಸಂಘಟಕರು ಪ್ರಸಾರವನ್ನು 15 ನಿಮಿಷ ತಡಮಾಡಿದರು. ಮೊಸರಿಗೆ ಹೊತ್ತು ಗೊತ್ತು ಮಾಡಿದ ಬಾಗಿಯೊದ ಕಟ್ಟಳೆಯ ವಂಶದ್ದೇ ಇದು.

ಅದೇ ಕಾರ್ಲ್‌ಸನ್ 2025ರ ಜೂನ್‌ನಲ್ಲಿ ನಾರ್ವೆಯ ಸ್ಟಾವೆಂಜರ್‌ನಲ್ಲಿ ಗೆಲ್ಲುತ್ತಿದ್ದ ಆಟವನ್ನು ದೊಮ್ಮರಾಜು ಗುಕೇಶ್ ಅವರಿಗೆ ಬಿಟ್ಟುಕೊಟ್ಟಾಗ ಮುಷ್ಟಿಯಿಂದ ಮೇಜು ಗುದ್ದಿದರು. ಕಾಯಿಗಳು ಉರುಳಿದವು. ಅಸಭ್ಯವೇ, ಆದರೆ ಆ ಗುದ್ದು ಬಿದ್ದದ್ದು ತಮ್ಮದೇ ತಪ್ಪಿನ ಮೇಲೆ. ಮರುಕ್ಷಣ ಅವರು ಕ್ಷಮೆ ಕೇಳಿದರು, ಹೊರಡುವ ಮುಂಚೆ ಗುಕೇಶ್ ಅವರ ಬೆನ್ನು ತಟ್ಟಿದರು.