ಬಿಡಿಭಾಗದ ದಿಕ್ಕಿನಿಂದ ಬೆಂಗಳೂರಿನ ವಿಮಾನ ಚರಿತ್ರೆ

ಬೆಂಗಳೂರಿನ ವಿಮಾನೋದ್ಯಮದ ಚರಿತ್ರೆಯನ್ನು ನಾವು ಹೊಸ ವಿಮಾನಗಳ ಸಾಲಾಗಿಯೇ ಬರೆಯುತ್ತ ಬಂದಿದ್ದೇವೆ: 1941ರ ಹಾರ್ಲೋ, 1951ರಲ್ಲಿ ಹಾರಿದ ಎಚ್‌ಟಿ-2, ಆಮೇಲೆ ಮಾರುತ್, ತೇಜಸ್. ನಡುವಿನ ರಿಪೇರಿ ಮತ್ತು ಬಿಡಿಭಾಗದ ಕೆಲಸಕ್ಕೆ ಇದರಲ್ಲಿ ಜಾಗವೇ ಸಿಕ್ಕಿಲ್ಲ. ಈ ಊರಿಗೆ ವಿಮಾನದ ಕಸುಬು ಕೈಗೂಡಿದ್ದು ಆ ಕೆಲಸದಿಂದ ಎಂಬುದು ನನ್ನ ವಾದ.

1940ರ ಡಿಸೆಂಬರ್ 23ರಂದು ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಎಚ್‌ಎಎಲ್) ಸ್ಥಾಪಿಸಿದಾಗ ಗುರಿಯಾಗಿದ್ದದ್ದು ವಿಮಾನ ತಯಾರಿಕೆ. ಯಂತ್ರೋಪಕರಣಗಳನ್ನು ಅಮೆರಿಕದಿಂದ ಒದಗಿಸಿದವರು ವಿಲಿಯಂ ಪಾಲಿ. ಜಪಾನ್ ಬರ್ಮಾಕ್ಕೆ ನುಗ್ಗಿದ್ದೇ ಲೆಕ್ಕಾಚಾರ ಬದಲಾಯಿತು. 1942ರ ಏಪ್ರಿಲ್‌ನಲ್ಲಿ ಭಾರತ ಸರ್ಕಾರ ವಾಲ್‌ಚಂದರ ಪಾಲನ್ನು ಕೊಂಡಿತು. ಮೈಸೂರು ಸರ್ಕಾರ ತನ್ನ ಪಾಲು ಮಾರಲು ಒಪ್ಪದೆ ಆಡಳಿತವನ್ನಷ್ಟೇ ಬಿಟ್ಟುಕೊಟ್ಟಿತು. ಸಂಸ್ಥಾನವೊಂದರ ಈ ಪಟ್ಟು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದದ್ದು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ 84ನೇ ಏರ್ ಡಿಪೋ ಆಯಿತು. ಅಲ್ಲಿ ಮೊದಲು ಓವರ್‌ಹಾಲ್‌ಗೆ ಬಂದದ್ದು ಕ್ಯಾಟಲೀನಾ. ನೀರಿನ ಮೇಲೂ ಇಳಿಯಬಲ್ಲ ಈ ವಿಮಾನಗಳಿಗೆ ಬೆಳ್ಳಂದೂರು ಕೆರೆ ಒದಗಿಬಂತು. ಬೇಸಾಯದ ಊರಿಗೆಂದು ಇದ್ದ ಕೆರೆ ಯುದ್ಧಕಾಲದ ನಿಲ್ದಾಣವಾದದ್ದು ಹೀಗೆ. ಬರ್ಮಾ ರಂಗದ ಬಗೆಬಗೆಯ ವಿಮಾನಗಳು ಇಲ್ಲಿ ಬಿಚ್ಚಿ ಜೋಡಣೆಯಾದವು.

ಆ ಕಲಿಕೆ ಒರೆಗೆ ಬಿದ್ದದ್ದು ಲಿಬರೇಟರ್ ಬಾಂಬರ್‌ಗಳಲ್ಲಿ. ಯುದ್ಧ ಮುಗಿದ ಮೇಲೆ ಯಾರೂ ಬಳಸದಂತೆ ಕೆಡಿಸಿ ಕಾನ್ಪುರದಲ್ಲಿ ಬಿಟ್ಟಿದ್ದ ವಿಮಾನಗಳು ಅವು. ಎಚ್‌ಎಎಲ್‌ನವರು ಅಲ್ಲಿಗೇ ಹೋಗಿ ಹಾರುವಷ್ಟರ ಮಟ್ಟಿಗೆ ರಿಪೇರಿ ಮಾಡಿದರು. ಟೆಸ್ಟ್ ಪೈಲಟ್ ಜಮ್ಷೆಡ್ ಮುನ್ಶಿ ಅವನ್ನು ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ದುರಸ್ತಿಯಾಗಿ 1948ರಲ್ಲಿ ವಾಯುಪಡೆ ಸೇರಿದ ಆ ಮಾದರಿ 1968ರವರೆಗೂ ಸೇವೆಯಲ್ಲಿತ್ತು. ವಿನ್ಯಾಸಕ ವಿ. ಎಂ. ಘಾಟಗೆ ಅವರ ಎಚ್‌ಟಿ-2 ರೂಪುಗೊಂಡದ್ದು ಇಂಥ ಕೈಗಳ ನಡುವೆ.

ಬಿಡಿಭಾಗದ ಆ ಕಸುಬು ಇಂದಿಗೂ ನಡೆದಿದೆ: ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿ ಏರ್‌ಬಸ್ ಎ320ಕ್ಕೆ ರೆಕ್ಕೆಯ ಫ್ಲ್ಯಾಪ್ ಟ್ರ್ಯಾಕ್ ಬೀಮ್ ಮಾಡುತ್ತದೆ. ಬೆಳಗಾವಿಯ ಏಕಸ್ ಕಂಪನಿಯ ಘಟಕಗಳಿಂದಲೂ ಭಾಗಗಳು ಹೊರದೇಶಕ್ಕೆ ಹೋಗುತ್ತವೆ. ಆದರೆ ಭಾಗ ಚೆನ್ನಾಗಿದ್ದರಷ್ಟೇ ಸಾಲದು. ರಿಪೇರಿಯಾದ ಇಂಧನ ಪಂಪೊಂದು ವಿಮಾನ ಹತ್ತಬೇಕಾದರೆ ಜೊತೆಗೆ ಸಿಎ ಫಾರ್ಮ್ 1 ಎಂಬ ಪ್ರಮಾಣಪತ್ರ ಇರಬೇಕು. ಅದರಲ್ಲಿ ಪಾರ್ಟ್ ನಂಬರ್, ಸೀರಿಯಲ್ ನಂಬರ್, ಏನು ಕೆಲಸ ಮಾಡಲಾಗಿದೆ ಎಂಬ ವಿವರ, ಅಧಿಕಾರವಿದ್ದವರ ಸಹಿ ಇರುತ್ತವೆ. ಕಾಗದವಿಲ್ಲದ ಭಾಗ ಎಷ್ಟೇ ಹೊಳೆದರೂ ವಿಮಾನಕ್ಕೆ ಸಲ್ಲುವುದಿಲ್ಲ. 2023ರಲ್ಲಿ ಲಂಡನ್ನಿನ ಬಿಡಿಭಾಗ ಮಾರಾಟ ಕಂಪನಿ ಎಒಜಿ ಟೆಕ್ನಿಕ್ಸ್ ಸಿಎಫ್‌ಎಂ56 ಎಂಜಿನ್ ಭಾಗಗಳಿಗೆ ಕೊಟ್ಟಿದ್ದ ಕಾಗದಗಳು ನಕಲಿ ಎಂದು ಬಯಲಾದಾಗ ಹಲವು ದೇಶಗಳ ವಿಮಾನ ಕಂಪನಿಗಳು ಎಂಜಿನ್ ಬಿಚ್ಚಿ ಹುಡುಕಬೇಕಾಯಿತು.

ಆದ್ದರಿಂದ ಸಂಶೋಧಕರು ವಿಮಾನಗಳ ಫೋಟೊಗಳಷ್ಟೇ ಶ್ರದ್ಧೆಯಿಂದ ಓವರ್‌ಹಾಲ್ ರಿಜಿಸ್ಟರು, ಜಾಬ್ ಕಾರ್ಡು, ಸ್ಟೋರಿನ ಲೆಜರುಗಳನ್ನು ಹುಡುಕಬೇಕು. ನಿವೃತ್ತ ಫಿಟ್ಟರ್‌ಗಳ ಮನೆಯ ಟ್ರಂಕುಗಳಲ್ಲಿ ಉಳಿದಿರಬಹುದಾದ ನೋಟ್‌ಬುಕ್ಕುಗಳೂ ಇದರಲ್ಲಿ ಸೇರಬೇಕು.